ಅಂಕಗಳ ಆಚೆಗಿನ ವಿದ್ಯೆ

ಪರೀಕ್ಷೆಗಳ ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ನಮ್ಮ ಮೈಸೂರಿನ ಮನೆಮನೆಗಳಲ್ಲಿಯೂ ಒಂದೇ ಪ್ರಶ್ನೆ ಕೇಳಿಬರುತ್ತದೆ: ‘ಎಷ್ಟು ಬಂತು?’ ನೆಂಟರು ಕೇಳುತ್ತಾರೆ, ನೆರೆಯವರು ಕೇಳುತ್ತಾರೆ, ಮದುವೆಯ ಮನೆಯಲ್ಲಿ ಪಂಕ್ತಿಯ ಪಕ್ಕದಲ್ಲಿ ಕುಳಿತ ಅಪರಿಚಿತರೂ ಕೇಳುತ್ತಾರೆ. ‘ಏನು ಓದಿದೆ? ಅದರಲ್ಲಿ ನಿನಗೆ ಹಿಡಿಸಿದ್ದು ಯಾವುದು?’ ಎಂದು ಕೇಳುವವರನ್ನು ನಾವು ಬಹಳ ಕಂಡಿಲ್ಲ. ಎಸ್.ಎಸ್.ಎಲ್.ಸಿ., ಪಿಯುಸಿ ತರಗತಿಗಳಲ್ಲಿ ಈ ಪ್ರಶ್ನೆಗೆ ಒಂದು ಕಾರಣವಾದರೂ ಇದೆ. ಮುಂದಿನ ಬಾಗಿಲು ತೆರೆಯುವುದು ಅಂಕಗಳಿಂದಲೇ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಆ ಬಾಗಿಲನ್ನು ದಾಟಿ ಕಾಲೇಜಿನ ಒಳಗೆ ಕಾಲಿಟ್ಟ ಮೇಲೂ, ಮೂರು ನಾಲ್ಕು ವರ್ಷಗಳ ಕಾಲ ಮಕ್ಕಳು ಹೊಸ್ತಿಲ ಮೇಲೆಯೇ ನಿಂತು ಅದೇ ಪ್ರಶ್ನೆಗೆ ಉತ್ತರ ಹೇಳುತ್ತಿರಬೇಕೆ ಎಂಬುದು ನಾವು ಈ ತಿಂಗಳು ಸದ್ಭಕ್ತರ ಮುಂದೆ ಇಡಬಯಸುವ ವಿಚಾರ.

ಇದಕ್ಕೆ ನಮ್ಮ ಊರಿನದೇ ಒಂದು ನಿದರ್ಶನವಿದೆ. ದೂರದ ದೃಷ್ಟಾಂತಗಳನ್ನು ಹುಡುಕುವ ಅಗತ್ಯವಿಲ್ಲ.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಆತಿಪಟ್ಟು ಅಸೂರಿ ಕೃಷ್ಣಸ್ವಾಮಿ ಎಂಬ ಗಣಿತದ ಪ್ರಾಧ್ಯಾಪಕರಿದ್ದರು. ಶ್ರೀವೈಷ್ಣವ ಮನೆತನ. ಖಗೋಳ ವಿಜ್ಞಾನವನ್ನೂ ಬಲ್ಲವರು, ಜ್ಯೋತಿಷ್ಯವನ್ನೂ ನಂಬಿದವರು. ಅವರ ಮನೆಯಲ್ಲಿ ಅಡುಗೆಮನೆಯ ಮಾತು ತಮಿಳು, ತಂದೆಯವರ ಮಹಡಿಯ ಕೋಣೆಯ ಮಾತು ಇಂಗ್ಲಿಷು, ಬೀದಿಯ ಮಾತು ಕನ್ನಡ. 1929ರಲ್ಲಿ ಅವರಿಗೆ ಜನಿಸಿದ ಮಗ ಈ ಮೂರರ ನಡುವೆ ಬೆಳೆದು, ಮರಿಮಲ್ಲಪ್ಪ ಪ್ರೌಢಶಾಲೆಯಲ್ಲಿ ಓದಿ, ಮಹಾರಾಜ ಕಾಲೇಜಿಗೆ ಸೇರಿದನು. ಗಣಿತದ ಪ್ರಾಧ್ಯಾಪಕರ ಮಗನಾದ ಮೇಲೆ ಕೇಳುವುದೇನು? ವಿಜ್ಞಾನವನ್ನೇ ತೆಗೆದುಕೊಂಡನು. ಮೊದಲ ವರ್ಷದಲ್ಲಿಯೇ ತಂದೆಗೆ ಒಂದು ಸಂಗತಿ ಸ್ಪಷ್ಟವಾಯಿತು: ಈ ಹುಡುಗನ ಮನಸ್ಸು ಗಣಿತದ ಕಡೆಗೆ ಒಲಿಯುವಂಥದಲ್ಲ. ಅವರು ಬೈಯಲಿಲ್ಲ, ಮನೆಪಾಠಕ್ಕೆ ಇನ್ನೊಬ್ಬರನ್ನು ಗೊತ್ತುಮಾಡಲಿಲ್ಲ. ಮಗನ ಕೈಹಿಡಿದುಕೊಂಡು ಕುಲಸಚಿವರ ಕಚೇರಿಗೆ ಹೋಗಿ ವಿಜ್ಞಾನವನ್ನು ಬಿಡಿಸಿ ಇಂಗ್ಲಿಷ್ ಸಾಹಿತ್ಯಕ್ಕೆ ವರ್ಗ ಮಾಡಿಸಿದರು.

ಈ ಘಟನೆಯ ಮಹತ್ತ್ವವನ್ನು ತಂದೆತಾಯಿಯರು ಒಂದು ಕ್ಷಣ ನಿಂತು ಯೋಚಿಸಬೇಕು. ಗಣಿತ ಬಾರದ ತಂದೆಯೊಬ್ಬನು ಮಗನಿಗೆ ಗಣಿತ ಬೇಡವೆಂದರೆ ಅದರಲ್ಲಿ ವಿಶೇಷವೇನೂ ಇಲ್ಲ. ಇಲ್ಲಿ ತನ್ನ ಜೀವಮಾನದ ವಿದ್ಯೆಯನ್ನೇ ಮಗನಿಗೆ ಬೇಡವೆಂದವರು ಆ ವಿದ್ಯೆಯ ಆಚಾರ್ಯರು. ಮಗನನ್ನು ಉರುಹೊಡೆಸಿ ತೇರ್ಗಡೆ ಮಾಡಿಸುವುದು ಅವರಿಗೆ ಕಷ್ಟವಾಗುತ್ತಿರಲಿಲ್ಲ. ಅವರು ಅಂಕಗಳನ್ನು ನೋಡಲಿಲ್ಲ, ಮಗನ ಮುಖವನ್ನು ನೋಡಿದರು.

ಆ ಹುಡುಗನೇ ಎ.ಕೆ. ರಾಮಾನುಜನ್. 1949ರಲ್ಲಿ ಬಿ.ಎ., ಮರುವರ್ಷ ಎಂ.ಎ. ಪದವಿಗಳನ್ನು ಪಡೆದ ಮೇಲೂ ಅವರ ಓದು ಒಂದೇ ದಾರಿಯನ್ನು ಹಿಡಿದು ಹೋಗಲಿಲ್ಲ. ಕೇರಳದ ಕೊಲ್ಲಂನಲ್ಲಿ, ಬೆಳಗಾವಿಯಲ್ಲಿ, ಬರೋಡಾದಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದರು. ಬೆಳಗಾವಿಯಲ್ಲಿ ಅವರು ಪಾಠ ಹೇಳಿದ್ದು ಲಿಂಗರಾಜ ಕಾಲೇಜಿನಲ್ಲಿ ಎಂಬುದನ್ನು ನಮ್ಮ ಓದುಗರು ಗಮನಿಸಬೇಕು. ಇಂಗ್ಲಿಷ್ ಕಲಿಸಲು ಹೋದವರು ಆ ಸೀಮೆಯ ಜನಪದ ಕಥೆಗಳನ್ನು ಬರೆದುಕೊಳ್ಳತೊಡಗಿದರು. ಯಾವ ಪಠ್ಯಕ್ರಮವೂ ಅವರನ್ನು ಕಥೆ ಸಂಗ್ರಹಿಸಿ ತನ್ನಿ ಎಂದು ಕೇಳಿರಲಿಲ್ಲ. ಆ ಮೇಲೆ ಮೂವತ್ತರ ಹೊಸ್ತಿಲಲ್ಲಿ, ಅಂದರೆ ನಮ್ಮವರು ‘ಇನ್ನೇನು ಓದುವುದು, ಸಂಸಾರ ನೋಡಿಕೋ’ ಎನ್ನುವ ವಯಸ್ಸಿನಲ್ಲಿ, ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ವಿದ್ಯಾರ್ಥಿಯಾಗಿ ಕುಳಿತು ಭಾಷಾವಿಜ್ಞಾನವನ್ನು ಕಲಿತರು. 1959ರಲ್ಲಿ ಅಮೆರಿಕೆಗೆ ತೆರಳಿ ಇಂಡಿಯಾನಾ ವಿಶ್ವವಿದ್ಯಾನಿಲಯದಲ್ಲಿ ಅದೇ ವಿಷಯದಲ್ಲಿ ಡಾಕ್ಟರೇಟ್ ಪಡೆದರು. ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಬಹುಕಾಲ ಪ್ರಾಧ್ಯಾಪಕರಾಗಿದ್ದು 1993ರಲ್ಲಿ ಅಲ್ಲಿಯೇ ಕಾಲವಶರಾದರು.

1973ರಲ್ಲಿ ಅವರ ‘ಸ್ಪೀಕಿಂಗ್ ಆಫ್ ಶಿವ’ ಪ್ರಕಟವಾಯಿತು. ಬಸವಣ್ಣನವರು, ದೇವರ ದಾಸಿಮಯ್ಯನವರು, ಅಕ್ಕಮಹಾದೇವಿ, ಅಲ್ಲಮಪ್ರಭುಗಳ ವಚನಗಳು ಇಂಗ್ಲಿಷ್ ಓದುವ ಪ್ರಪಂಚಕ್ಕೆ ಕಾವ್ಯವಾಗಿ ಪರಿಚಯವಾದದ್ದು ಬಹುಮಟ್ಟಿಗೆ ಆ ಪುಟ್ಟ ಪುಸ್ತಕದಿಂದ. ಅದಕ್ಕೆ ಮೊದಲೂ ಅನುವಾದಗಳಿದ್ದವು, ಆದರೆ ಭಕ್ತರಲ್ಲದವರ ಕೈಗೆ ಅವು ಹೆಚ್ಚಾಗಿ ಹೋಗಿರಲಿಲ್ಲ. ಶ್ರೀವೈಷ್ಣವ ಮನೆಯ ಹುಡುಗ, ಗಣಿತಜ್ಞನ ಮಗ, ಇಂಗ್ಲಿಷಿನ ಅಧ್ಯಾಪಕ, ಭಾಷಾವಿಜ್ಞಾನದ ಪಂಡಿತ, ಕನ್ನಡದ ಕವಿ: ಇವೆಲ್ಲ ಒಬ್ಬನಲ್ಲಿಯೇ ಸೇರದಿದ್ದರೆ ಆ ಪುಸ್ತಕ ಆಗುತ್ತಿರಲಿಲ್ಲ. ಆ ಗ್ರಂಥದ ಪೀಠಿಕೆಯಲ್ಲಿ ಅವರು ಸ್ಥಾವರ ಜಂಗಮಗಳ ಭೇದವನ್ನೇ ಬೀಗದಕೈಯಾಗಿ ಹಿಡಿದು ವಚನಧರ್ಮದ ಅರ್ಥವನ್ನು ಬಿಡಿಸುತ್ತಾರೆ. ಸ್ವತಃ ಜಂಗಮವಾಗಿ ಒಂದು ವಿದ್ಯೆಯಿಂದ ಇನ್ನೊಂದಕ್ಕೆ ಸಂಚರಿಸಿದವರಿಗೆ ಆ ಭೇದವು ಹೊಳೆದದ್ದು ಆಶ್ಚರ್ಯವಲ್ಲ ಎಂದು ನಮಗೆ ಅನೇಕ ಸಲ ಅನಿಸಿದೆ.

ರಾಮಾನುಜನ್ ಅವರು ಅನುವಾದಕ್ಕೆ ಆಧಾರವಾಗಿ ಇಟ್ಟುಕೊಂಡ ಕನ್ನಡ ಪುಸ್ತಕಗಳ ಹಿಂದೆಯೂ ಇಂಥದೇ ಕಥೆಯಿದೆ. ಅಲ್ಲಮ ಮತ್ತು ಅಕ್ಕನ ವಚನಗಳಿಗೆ ನಮ್ಮ ಮೈಸೂರಿನ ಎಲ್. ಬಸವರಾಜು ಅವರ ಸಂಪಾದನೆಗಳು, ದಾಸಿಮಯ್ಯನವರಿಗೆ ಫ.ಗು. ಹಳಕಟ್ಟಿಯವರ ಸಂಪಾದನೆ. ಹಳಕಟ್ಟಿಯವರ ಹೆಸರು ಕೇಳದ ಮನೆ ನಮ್ಮ ಸಮಾಜದಲ್ಲಿ ಇರಲಾರದು. ಆದರೆ ಅವರು ಕಾಲೇಜಿನಲ್ಲಿ ಓದಿದ್ದೇನು ಎಂದು ಕೇಳಿದರೆ ಹಲವರು ‘ಕನ್ನಡವಿರಬೇಕು’ ಎನ್ನುತ್ತಾರೆ. ಅಲ್ಲ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ವಿಜ್ಞಾನ ವಿಷಯಗಳನ್ನು ಓದಿ ಬಿ.ಎ. ಆದವರು. ಬಳಿಕ ಕಾನೂನು ಪದವಿ ಪಡೆದು ವಿಜಾಪುರದಲ್ಲಿ ವಕೀಲಿ ನಡೆಸಿದವರು. ತಾಳೆಗರಿಗಳ ಕಟ್ಟುಗಳನ್ನು ಅವರ ಕೈಗೆ ತಂದುಕೊಟ್ಟದ್ದು ಯಾವ ವಿಶ್ವವಿದ್ಯಾನಿಲಯವೂ ಅಲ್ಲ, ಅವರ ಕುತೂಹಲ. ಭಕ್ತರ ಮನೆಗಳಿಂದಲೂ ಮಠಗಳಿಂದಲೂ ಪ್ರತಿಗಳನ್ನು ಕಲೆಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನು ಮಾರಿದ ಸಂಗತಿ ಪ್ರಸಿದ್ಧವೇ ಇದೆ. ಅವರ ಮನೆಯವರು ಪಟ್ಟ ಕಷ್ಟವನ್ನು ನಾವು ಹಗುರಾಗಿ ಹೇಳಲಾರೆವು.

ಈ ಬಗೆಯ ಓದು ನಮ್ಮ ಊರಿನ ಕಾಲೇಜುಗಳಲ್ಲಿ ಒಂದು ಕಾಲಕ್ಕೆ ವಿಚಿತ್ರವೆನಿಸಿರಲಿಲ್ಲ. ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಪ್ರಕಟಿಸಿ ಕನ್ನಡ ಕಾವ್ಯದ ದಿಕ್ಕನ್ನು ಬದಲಿಸಿದರು. ಮೊದಲು ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ಪುಟ್ಟಪ್ಪನವರು ಕನ್ನಡಕ್ಕೆ ತಿರುಗಿ ಕುವೆಂಪು ಆದದ್ದು ಅವರ ವಿದ್ಯಾರ್ಥಿದೆಸೆಯಲ್ಲಿಯೇ. ಆರ್.ಕೆ. ನಾರಾಯಣರಂತೂ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಒಮ್ಮೆ ಅನುತ್ತೀರ್ಣರಾಗಿ, ಒಂದು ವರ್ಷ ಮನೆಯಲ್ಲಿಯೇ ಉಳಿದು, ಮನಸ್ಸಿಗೆ ಬಂದ ಪುಸ್ತಕಗಳನ್ನು ಓದುತ್ತಿದ್ದರು. ಬಿ.ಎ. ಮುಗಿದದ್ದು 1930ರಲ್ಲಿ. ಅವರ ತಂದೆ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿದ್ದರೆಂಬುದು ಇಲ್ಲಿ ಸೇರಿಸಿ ಹೇಳಬೇಕಾದ ಮಾತು. ಮುಖ್ಯೋಪಾಧ್ಯಾಯರ ಮಗ ಅನುತ್ತೀರ್ಣನಾದರೆ ಊರು ಸುಮ್ಮನಿರುತ್ತದೆಯೆ? 1935ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಅಚ್ಚಾದ ಮೇಲೆ ಊರಿನ ಮಾತಿಗೆ ಬೇರೆ ವಿಷಯ ಸಿಕ್ಕಿತು.

ಇಷ್ಟು ಓದಿದ ಕೂಡಲೇ ಯಾರಾದರೂ ತರುಣರು ‘ಅನುತ್ತೀರ್ಣನಾದರೆ ನಾರಾಯಣನಾಗಬಹುದು’ ಎಂದು ತಿಳಿದರೆ ಅದು ನಮ್ಮ ಅಭಿಮತವಲ್ಲ. ಅನುತ್ತೀರ್ಣರಾದವರೆಲ್ಲರೂ ಕಾದಂಬರಿಕಾರರಾಗಲಿಲ್ಲ. ಬಹುಮಂದಿ ಸುಮ್ಮನೆ ಅನುತ್ತೀರ್ಣರಾದರು. ಗಣಿತಜ್ಞ ಶ್ರೀನಿವಾಸ ರಾಮಾನುಜನ್ನರ ಬಾಳು ಇದಕ್ಕೆ ಕಣ್ಣೀರು ತರಿಸುವ ಸಾಕ್ಷಿ. 1904ರಲ್ಲಿ ಕುಂಭಕೋಣದ ಸರ್ಕಾರಿ ಕಾಲೇಜಿಗೆ ವಿದ್ಯಾರ್ಥಿವೇತನದೊಡನೆ ಸೇರಿದ ಆ ಹುಡುಗ ಗಣಿತವೊಂದನ್ನೇ ಹಿಡಿದು ಉಳಿದ ವಿಷಯಗಳನ್ನು ಕೈಬಿಟ್ಟದ್ದರಿಂದ ವಿದ್ಯಾರ್ಥಿವೇತನವನ್ನು ಕಳೆದುಕೊಂಡನು. ಮದರಾಸಿನ ಪಚ್ಚಯ್ಯಪ್ಪ ಕಾಲೇಜಿಗೆ ಹೋದರೂ ಎಫ್.ಎ. ಪರೀಕ್ಷೆ ದಾಟಲಿಲ್ಲ. 1913ರಲ್ಲಿ ಕೇಂಬ್ರಿಜ್ಜಿನ ಹಾರ್ಡಿಯವರಿಗೆ ಪತ್ರ ಬರೆಯುವವರೆಗೆ ಅವರು ಪಟ್ಟ ಬಡತನವನ್ನು ನೆನೆದರೆ ಅದನ್ನು ಯಾವ ತಾಯಿಗೂ ಹಾರೈಸಲಾಗದು. ಹಾರ್ಡಿ ಆ ಪತ್ರವನ್ನು ಕಸದ ಬುಟ್ಟಿಗೆ ಹಾಕಿದ್ದರೆ?

ಆದ್ದರಿಂದ ಅಂಕಗಳು ಬೇಡವೆಂದು ನಾವು ಹೇಳುವುದಿಲ್ಲ. ಹಳ್ಳಿಯಿಂದ ಬಂದು ಉಚಿತ ವಿದ್ಯಾರ್ಥಿನಿಲಯದಲ್ಲಿ ಊಟಮಾಡಿ ಓದುವ, ಮನೆತನದಲ್ಲಿ ಮೊದಲ ಬಾರಿಗೆ ಪದವಿ ಪಡೆಯಲಿರುವ ಹುಡುಗನಿಗೆ ಶೇಕಡಾ 60 ಎಂಬುದು ದೊಡ್ಡ ಮಾತು. ಅನೇಕ ಕಂಪನಿಗಳು ಸಂದರ್ಶನಕ್ಕೆ ಕರೆಯುವ ಮುಂಚೆ ಆ ಗೆರೆಯನ್ನು ನೋಡುತ್ತವೆ, ವಿದ್ಯಾರ್ಥಿವೇತನಗಳೂ ನೋಡುತ್ತವೆ. ಆ ಗೆರೆಯನ್ನು ದಾಟಲೇಬೇಕು, ಸ್ವಲ್ಪ ದೂರ ಬಿಟ್ಟೇ ದಾಟಬೇಕು. ನಮ್ಮ ತಕರಾರು ಇರುವುದು ಆ ಗೆರೆಯ ಮೇಲಿನ ಓಟದ ಬಗೆಗೆ. ಎಂಬತ್ತೈದು ಬಂದವನು ತೊಂಬತ್ತೆರಡಕ್ಕಾಗಿ, ತೊಂಬತ್ತೆರಡು ಬಂದವಳು ತೊಂಬತ್ತೇಳಕ್ಕಾಗಿ ಏನನ್ನು ಬಿಟ್ಟುಕೊಡುತ್ತಾರೆ ಎಂಬುದನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಕಠಿಣವಾದ ವಿಷಯವನ್ನು ಬಿಡುತ್ತಾರೆ. ಪ್ರಶ್ನೆ ಕೇಳುವುದನ್ನು ಬಿಡುತ್ತಾರೆ. ಮೂಲಗ್ರಂಥವನ್ನು ಬಿಟ್ಟು ಗೈಡು ಹಿಡಿಯುತ್ತಾರೆ, ಐದು ವರ್ಷಗಳ ಹಳೆಯ ಪ್ರಶ್ನೆಪತ್ರಿಕೆಗಳನ್ನು ಪಾರಾಯಣ ಮಾಡುತ್ತಾರೆ. ಗ್ರಂಥಾಲಯದಲ್ಲಿ ಬೇಕಾದ ಕಪಾಟಿನ ಪಕ್ಕದ ಕಪಾಟನ್ನು ಒಮ್ಮೆಯೂ ನೋಡದೆ ಪದವಿ ಮುಗಿಸಿದವರನ್ನು ನಾವು ಬಲ್ಲೆವು.

ನಾವು ಮಠದ ಪಾಠಶಾಲೆಯಲ್ಲಿ ಓದುತ್ತಿದ್ದಾಗಲೂ ಪರೀಕ್ಷೆಗಳಿದ್ದವು. ಪ್ರಥಮ, ಕಾವ್ಯ, ಸಾಹಿತ್ಯ, ವಿದ್ವತ್ ಎಂದು ಮೆಟ್ಟಿಲುಗಳಿದ್ದವು, ಅನುತ್ತೀರ್ಣರಾಗುವ ಭಯವೂ ಇತ್ತು. ಆದರೆ ವ್ಯಾಕರಣದವರು ಅಲಂಕಾರದ ಪಾಠದಲ್ಲಿ ಹಿಂದೆ ಕುಳಿತರೆ ಗುರುಗಳು ಏಳಿಸುತ್ತಿರಲಿಲ್ಲ. ಸಂಜೆಯ ಹೊತ್ತು ಊರಿನ ವೈದ್ಯರೊಬ್ಬರು ಬಂದು ಗಿಡಮೂಲಿಕೆಗಳ ಗುಣ ಹೇಳುತ್ತಿದ್ದರು, ಅದಕ್ಕೆ ಅಂಕಗಳಿರಲಿಲ್ಲ. ಆಶ್ಚರ್ಯವೆಂದರೆ ಅಂಕವಿದ್ದ ಪಾಠಗಳಲ್ಲಿ ಅರ್ಧ ಮರೆತುಹೋಗಿವೆ, ವೈದ್ಯರು ಹೇಳಿದ ನೆಲನೆಲ್ಲಿಯ ಗುಣ ಇಂದಿಗೂ ನೆನಪಿನಲ್ಲಿದೆ.

ಈಗಿನ ಪದವಿ ತರಗತಿಗಳ ವ್ಯವಸ್ಥೆ ಮೊದಲಿನಂತಿಲ್ಲ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅಳವಡಿಸಿಕೊಂಡಾಗ ನಮ್ಮ ರಾಜ್ಯದಲ್ಲಿ ನಾಲ್ಕು ವರ್ಷದ ಪದವಿಯೂ, ಬೇರೆ ವಿಭಾಗದ ವಿಷಯವನ್ನು ಆರಿಸಿಕೊಳ್ಳುವ ಮುಕ್ತ ಐಚ್ಛಿಕಗಳೂ ಬಂದವು. 2024-25ರಿಂದ ಮತ್ತೆ ಮೂರು ವರ್ಷಗಳ ಪದವಿಯಾಯಿತು. ನೀತಿ ಬಂದರೂ ಹೋದರೂ ಐಚ್ಛಿಕ ಎಂಬ ಮಾತು ಪಠ್ಯಕ್ರಮದಲ್ಲಿ ಒಂದಲ್ಲ ಒಂದು ರೂಪದಲ್ಲಿ ಉಳಿದಿದೆ. ಇಚ್ಛೆಯಿಂದ ಆರಿಸಿಕೊಳ್ಳುವುದು ಐಚ್ಛಿಕ. ನಮ್ಮ ಮಕ್ಕಳು ಆರಿಸಿಕೊಳ್ಳುವಾಗ ಕೇಳುವ ಮೊದಲ ಪ್ರಶ್ನೆ, ‘ಇದರಲ್ಲಿ ಸುಲಭವಾಗಿ ಅಂಕ ಬರುತ್ತದೆಯೆ?’ ಎಂಬುದು. ಹಿರಿಯ ವಿದ್ಯಾರ್ಥಿಗಳಿಂದ ‘ಧಾರಾಳವಾಗಿ ಕೊಡುವ’ ಅಧ್ಯಾಪಕರ ಹೆಸರು ತಿಳಿದುಕೊಂಡು ಅಲ್ಲಿಗೆ ನುಗ್ಗುತ್ತಾರೆ.

ಕಳೆದ ಕೆಲವು ತಿಂಗಳ ಹಿಂದೆ ನಮ್ಮ ನಗರದ ಭಕ್ತರ ಮನೆಯೊಂದರಲ್ಲಿ ಇದೇ ವಿಷಯವಾಗಿ ವಾಗ್ವಾದ ನಡೆದು, ಅದು ನಮ್ಮವರೆಗೂ ಬಂದಿತು. ಮಗಳು ಬಿ.ಕಾಂ. ವಿದ್ಯಾರ್ಥಿನಿ, ಬುದ್ಧಿವಂತೆ. ಕಾಲೇಜಿನವರು ಕೊಟ್ಟ ಐಚ್ಛಿಕಗಳ ಪಟ್ಟಿಯಲ್ಲಿ ಶಾಸನ ಮತ್ತು ಹಸ್ತಪ್ರತಿಗಳ ಪರಿಚಯವೂ ಒಂದು. ಅವರ ಮನೆಯ ಪೂಜೆಯ ಕೋಣೆಯಲ್ಲಿ ತಾಳೆಗರಿಯ ಒಂದು ಕಟ್ಟು ಇದೆ. ನಾಲ್ಕು ತಲೆಮಾರಿನಿಂದ ವಿಭೂತಿ, ಪತ್ರೆಗಳನ್ನು ಏರಿಸಿಕೊಂಡು ಬಂದಿದ್ದಾರೆ. ಅದನ್ನು ಓದಬಲ್ಲವರು ಆ ಮನೆಯಲ್ಲಿ ಯಾರೂ ಇಲ್ಲ. ಹುಡುಗಿಗೆ ಆ ಕಟ್ಟಿನಲ್ಲಿ ಏನಿದೆ ಎಂಬ ಕುತೂಹಲ. ತಂದೆಯವರ ವಾದ ಬೇರೆ: ‘ಲೆಕ್ಕಪತ್ರ ಓದುವವಳಿಗೆ ಹಳಗನ್ನಡದ ಲಿಪಿ ಏಕೆ? ಗ್ರೇಡು ಇಳಿಯುತ್ತದೆ, ನಾಳೆ ಸ್ನಾತಕೋತ್ತರ ಪ್ರವೇಶಕ್ಕೆ ತೊಂದರೆ.’ ತಂದೆಯವರ ಕಾಳಜಿ ಸುಳ್ಳಲ್ಲ. ಆದ್ದರಿಂದ ನಾವು ಉಪದೇಶ ಮಾಡದೆ ಕಾಗದ ಪೆನ್ಸಿಲು ತರಿಸಿದೆವು.

ಒಂದು ಸೆಮಿಸ್ಟರಿಗೆ 24 ಕ್ರೆಡಿಟ್‌ಗಳೆಂದೂ, ಈ ಐಚ್ಛಿಕಕ್ಕೆ 3 ಕ್ರೆಡಿಟ್ ಎಂದೂ ಇಟ್ಟುಕೊಳ್ಳೋಣ. ಹುಡುಗಿಗೆ ಉಳಿದ 21 ಕ್ರೆಡಿಟ್‌ಗಳಲ್ಲಿ ಹತ್ತಕ್ಕೆ 9 ಬಂದು, ಇದರಲ್ಲಿ ಮಾತ್ರ 7 ಬಂದಿತೆನ್ನೋಣ. ಆ ಸೆಮಿಸ್ಟರಿನ ಸರಾಸರಿ 9ರ ಬದಲು 8.75 ಆಗುತ್ತದೆ. ಆರು ಸೆಮಿಸ್ಟರುಗಳ 144 ಕ್ರೆಡಿಟ್‌ಗಳನ್ನು ಕೂಡಿಸಿ ನೋಡಿದರೆ ಒಟ್ಟು ಸರಾಸರಿ 9ರಿಂದ 8.96ಕ್ಕೆ ಇಳಿಯುತ್ತದೆ. ಇಡೀ ಮನೆಯ ನೆಮ್ಮದಿ ಕೆಟ್ಟದ್ದು ಈ ನೂರರಲ್ಲಿ ನಾಲ್ಕು ಪಾಲಿಗಾಗಿ! ತಂದೆಯವರು ಎರಡು ಸಲ ಕೂಡಿ ಕಳೆದು ನೋಡಿದರು. ಅವರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಲೆಕ್ಕದಲ್ಲಿ ತಪ್ಪು ಹುಡುಕುವುದು ಅವರಿಗೆ ಅಭ್ಯಾಸ. ತಪ್ಪು ಸಿಗಲಿಲ್ಲ. ಆದರೂ ‘ಲೆಕ್ಕ ಸರಿ, ಬುದ್ದಿ, ಮನಸ್ಸು ಒಪ್ಪಬೇಕಲ್ಲ’ ಎಂದರು. ಪ್ರಾಮಾಣಿಕವಾದ ಮಾತು.

ಮನಸ್ಸು ಒಪ್ಪದಿರುವುದಕ್ಕೆ ಕಾರಣ ಅಂಕವಲ್ಲ, ಭಯ. ಹೆಣ್ಣುಮಗಳು ತಾನಾಗಿ ಒಂದು ದಾರಿಯನ್ನು ಆರಿಸಿಕೊಂಡಳಲ್ಲ ಎಂಬ ಭಯವೂ ಅದರಲ್ಲಿ ಸ್ವಲ್ಪ ಬೆರೆತಿರುತ್ತದೆ. ಗಂಡುಮಕ್ಕಳು ಇಂಜಿನಿಯರಿಂಗ್ ಬಿಟ್ಟು ಸಿನಿಮಾ ಎಂದರೂ ‘ಹುಡುಗಾಟ’ ಎಂದು ಸುಮ್ಮನಾಗುವ ಮನೆಗಳು ಹೆಣ್ಣುಮಕ್ಕಳ ಒಂದು ಐಚ್ಛಿಕ ವಿಷಯಕ್ಕೆ ಸಭೆ ಸೇರಿಸುವುದನ್ನು ನಾವು ಕಂಡಿದ್ದೇವೆ. ಅಕ್ಕನ ಜಯಂತಿಯನ್ನು ಮಾತ್ರ ಎಲ್ಲರೂ ತಪ್ಪದೆ ಆಚರಿಸುತ್ತೇವೆ.

ಇನ್ನು ಉಪಯೋಗದ ಪ್ರಶ್ನೆ. ಲಿಪಿ ಕಲಿತು ಆಗುವುದೇನು ಎಂದು ಕೇಳುವವರು ಮೈಸೂರಿನಲ್ಲಿದ್ದುಕೊಂಡು ಅದನ್ನು ಕೇಳಬಾರದು. 1891ರಲ್ಲಿ ಸ್ಥಾಪಿತವಾದ ನಮ್ಮ ಪ್ರಾಚ್ಯ ಗ್ರಂಥಾಲಯಕ್ಕೆ, ಅಂದರೆ ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ, ಬಂದು ಸೇರಿದ ಗರಿಗಳ ನಡುವೆ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದವರು ರುದ್ರಪಟ್ಟಣದ ಶಾಮಾಶಾಸ್ತ್ರಿಗಳು. 1909ರಲ್ಲಿ ಅವರು ಅದನ್ನು ಅಚ್ಚುಮಾಡಿಸಿದ ಮೇಲೆ ಭಾರತದಲ್ಲಿ ರಾಜ್ಯಶಾಸ್ತ್ರವೇ ಇರಲಿಲ್ಲವೆಂದು ಹೇಳುತ್ತಿದ್ದ ಪಾಶ್ಚಾತ್ಯ ವಿದ್ವಾಂಸರು ಸುಮ್ಮನಾಗಬೇಕಾಯಿತು. ಅದು ಹಣಕಾಸು, ತೆರಿಗೆ, ಲೆಕ್ಕಪತ್ರಗಳ ವಿಚಾರವೂ ತುಂಬಿರುವ ಗ್ರಂಥ. ವಾಣಿಜ್ಯದ ವಿದ್ಯಾರ್ಥಿನಿಗೆ ಗರಿ ಓದುವುದರಿಂದ ಏನು ಪ್ರಯೋಜನ ಎಂದು ಕೇಳಿದ ಆ ತಂದೆಯವರಿಗೆ ನಾವು ಇಷ್ಟನ್ನು ಮಾತ್ರ ನೆನಪಿಸಿದೆವು. ನಮ್ಮ ಸಮಾಜದ ಅದೆಷ್ಟು ಮನೆಗಳ ದೇವರ ಪೆಟ್ಟಿಗೆಗಳಲ್ಲಿ ಇಂಥ ಕಟ್ಟುಗಳು ಹುಳು ಹಿಡಿಯುತ್ತಿವೆಯೋ! ನಿಂಬೆಹುಲ್ಲಿನ ಎಣ್ಣೆ ಸವರಿ ಕಾಪಾಡಿದರೆ ಗರಿ ಉಳಿದೀತು. ಓದುವ ಕಣ್ಣು ಉಳಿಯಬೇಕಾದರೆ ಯಾರಾದರೂ ಒಬ್ಬರು ಗ್ರೇಡಿನಲ್ಲಿ ಸ್ವಲ್ಪ ನಷ್ಟ ಮಾಡಿಕೊಳ್ಳಲೇಬೇಕು.

ಕಾಲೇಜುಗಳ ಮೇಲೂ ಒಂದು ಮಾತು ಹೇಳಬೇಕಿದೆ. ಐಚ್ಛಿಕವೆಂದು ಪಟ್ಟಿ ಕೊಟ್ಟು, ಸಾಕಷ್ಟು ಸಂಖ್ಯೆ ಬರಲಿಲ್ಲವೆಂದು ಕಠಿಣ ವಿಷಯಗಳನ್ನೆಲ್ಲ ರದ್ದುಮಾಡಿ, ಎಲ್ಲರನ್ನೂ ಒಂದೇ ಕೊಠಡಿಗೆ ಕಳುಹಿಸಿದರೆ ಅದು ಆಯ್ಕೆಯಾಗುವುದಿಲ್ಲ. ಸಮಾಜದ ವಿದ್ಯಾಸಂಸ್ಥೆಗಳನ್ನು ನಡೆಸುವ ಹಿರಿಯರು ವಾರ್ಷಿಕೋತ್ಸವದಲ್ಲಿ ಅತಿ ಹೆಚ್ಚು ಅಂಕ ಪಡೆದವರಿಗೆ ಹಾರ ಹಾಕುತ್ತಾರೆ, ಹಾಕಲಿ. ಅದರ ಜೊತೆಗೆ ತನ್ನ ವಿಷಯವಲ್ಲದ ವಿಷಯದಲ್ಲಿ ಒಂದು ಒಳ್ಳೆಯ ಪ್ರಬಂಧ ಬರೆದವರಿಗೂ ಒಂದು ಪುಸ್ತಕವನ್ನಾದರೂ ಕೊಡಬಹುದು. ದತ್ತಿ ಇಡುವ ಭಕ್ತರಿಗೂ ಇದೇ ನಮ್ಮ ಬಿನ್ನಹ. ‘ಅತಿ ಹೆಚ್ಚು ಅಂಕ ಗಳಿಸಿದವರಿಗೆ’ ಎಂಬ ಷರತ್ತಿನ ಚಿನ್ನದ ಪದಕಗಳು ನಮ್ಮಲ್ಲಿ ಬೇಕಾದಷ್ಟಿವೆ.

ಆ ಮನೆಯ ಸಂಗತಿಯನ್ನು ತಿಳಿಯಲು ಓದುಗರು ಕುತೂಹಲಿಗಳಾಗಿರಬಹುದು. ಹುಡುಗಿ ತನ್ನ ಐಚ್ಛಿಕಕ್ಕೆ ಅರ್ಜಿ ಸಲ್ಲಿಸಿದಳು. ತಂದೆಯವರು ಸಹಿ ಹಾಕಿದರು, ಆದರೆ ಮಾತು ಆಡಲಿಲ್ಲ. ಮೂರು ತಿಂಗಳ ಅಭ್ಯಾಸದ ನಂತರ ಮನೆಯ ಕಟ್ಟನ್ನು ಬಿಚ್ಚಿ, ಅಧ್ಯಾಪಕರ ನೆರವಿನಿಂದ ಮೊದಲ ಎರಡು ಗರಿಗಳನ್ನು ಅಕ್ಷರ ಅಕ್ಷರವಾಗಿ ಓದಿದ್ದಾಳೆ. ಅವರೆಲ್ಲ ನಂಬಿದ್ದಂತೆ ಅದು ವಚನದ ಕಟ್ಟಲ್ಲ, ದನಕರುಗಳ ರೋಗಕ್ಕೆ ಔಷಧ ಹೇಳುವ ಪುಸ್ತಕ. ತಂದೆಯವರು ಇದನ್ನು ಕೇಳಿ ಬಹಳ ದಿನಗಳ ಮೇಲೆ ಮನಸಾರೆ ನಕ್ಕರಂತೆ, ಮರುದಿನ ಭೂತಗನ್ನಡಿ ಕೊಂಡುತಂದರಂತೆ. ಅಜ್ಜಿಯವರು ಈಗಲೂ ಪ್ರತಿದಿನ ಅದಕ್ಕೆ ವಿಭೂತಿ ಇಡುತ್ತಿದ್ದಾರೆ. ಇನ್ನೂ ಎಪ್ಪತ್ತು ಗರಿಗಳು ಉಳಿದಿವೆ.